ಆರ್‌ಎಕ್ಸ್ 135 ಡರ್ಟ್ ಬೈಕ್: ಪ್ಲಗ್‌ಗೆ ಕರೆಂಟ್ ಇದೆ, ಪೆಟ್ರೋಲ್ ಇದೆ, ಆದರೂ ಸ್ಟಾರ್ಟ್ ಆಗ್ತಿಲ್ಲ

ಕಾಫಿತೋಟದ ಧೂಳು

ಎಲ್ಲರಿಗೂ ನಮಸ್ಕಾರ. ನಾನು ಮೂಡಿಗೆರೆ ಕಡೆಯವನು. ನನ್ನ ಹತ್ತಿರ ಒಂದು ಯಮಹಾ ಆರ್‌ಎಕ್ಸ್ 135 ಇದೆ, ಐದು ಗೇರಿನದು. ರೋಡಿಗೆ ಇಳಿಸೋದಿಲ್ಲ, ತೋಟದ ಒಳಗೆ ಮತ್ತು ಪಕ್ಕದ ಗದ್ದೆ ಬಯಲಿನಲ್ಲಿ ಓಡಿಸುವುದಕ್ಕೆ ಅಂತಲೇ ಡರ್ಟ್ ಬೈಕ್ ಮಾಡಿಸಿದ್ದು. ಹೆಡ್‌ಲೈಟ್, ಇಂಡಿಕೇಟರ್, ಮೀಟರ್ ಎಲ್ಲ ತೆಗೆದಿದೆ. ಉಬ್ಬು ಉಬ್ಬು ಇರುವ ಟೈರ್ ಇದೆ, ಹಿಂದಿನ ಶಾಕ್ ಉದ್ದದ್ದು, ಸೈಲೆನ್ಸರ್ ಸ್ವಲ್ಪ ಎತ್ತಿಸಿದೆ. ಎಣ್ಣೆ ಪಂಪ್ ತೆಗೆದುಹಾಕಿ ಪೆಟ್ರೋಲ್‌ಗೇ 2ಟಿ (ಟೂ ಸ್ಟ್ರೋಕ್ ಎಂಜಿನ್‌ನ) ಎಣ್ಣೆ ಬೆರೆಸಿ ಹಾಕುತ್ತೇನೆ.

ಜೂನ್‌ನಲ್ಲಿ ಮಳೆ ಹಿಡಿದಾಗ ಶೆಡ್‌ನಲ್ಲಿ ಸೈಡ್ ಸ್ಟ್ಯಾಂಡ್ ಹಾಕಿ ನಿಲ್ಲಿಸಿದ್ದು, ದಸರಾ ಕಳೆದ ಮೇಲೆ ತೆಗೆದೆ. ಪೆಟ್ರೋಲ್ ಕಾಕ್ ಆಫ್‌ನಲ್ಲೇ ಇತ್ತು. ಟ್ಯಾಂಕ್‌ನಲ್ಲಿದ್ದ ಹಳೇ ಪೆಟ್ರೋಲ್ ಚೆಲ್ಲಿ ಹೊಸದು ಹಾಕಿದ್ದೇನೆ, ಹೊಸ ಪ್ಲಗ್ ಹಾಕಿದ್ದೇನೆ, ಏರ್ ಫಿಲ್ಟರ್ ಫೋಮ್ ತೊಳೆದು ಒಣಗಿಸಿದ್ದೇನೆ. ಕಿಕ್ ಹೊಡೆದರೆ ಒಮ್ಮೊಮ್ಮೆ ಫಟ್ ಅನ್ನುತ್ತದೆ, ಅಷ್ಟೇ. ಪ್ಲಗ್ ಬಿಚ್ಚಿ ಹೆಡ್‌ಗೆ ತಾಗಿಸಿ ಕಿಕ್ ಹೊಡೆದರೆ ಕರೆಂಟ್ ಕಾಣುತ್ತದೆ. ಪ್ಲಗ್ ಪ್ರತೀ ಸಲ ಒದ್ದೆ. ಇಳಿಜಾರಿನಲ್ಲಿ ಎರಡನೇ ಗೇರ್ ಹಾಕಿ ತಳ್ಳಿದಾಗ ಒಂದು ಸಲ ಬೆಳ್ಳಗೆ ಹೊಗೆ ಬಿಟ್ಟು ಬಡಬಡ ಅಂತು, ಮತ್ತೆ ಸತ್ತಿತು.

ಪೇಟೆಯ ಮೆಕ್ಯಾನಿಕ್ ಒಬ್ಬರು ತೋಟಕ್ಕೇ ಬಂದು ನೋಡಿ, ಬೋರ್ (ಸಿಲಿಂಡರಿನ ಒಳಮೈ) ಹೋಗಿದೆ, ಪಿಸ್ಟನ್ ಹೊಸದು ಹಾಕಬೇಕು, ಜೊತೆಗೆ ಪ್ಲಗ್ ಕಿಡಿಯನ್ನು ನಿಯಂತ್ರಿಸುವ ಸಿಡಿಐ ಪೆಟ್ಟಿಗೆ ಕೂಡ ಬದಲಾಯಿಸಿಬಿಡೋಣ ಅಂದರು. ಮಳೆಗಾಲಕ್ಕೆ ಮೊದಲು ಚೆನ್ನಾಗಿ ಓಡುತ್ತಿದ್ದ ಗಾಡಿ ಸುಮ್ನೆ ನಿಂತಲ್ಲೇ ಬೋರ್ ಹೋಗುತ್ತದಾ? ದುಡ್ಡು ಕೊಡುವ ಮೊದಲು ನಾನೇ ಏನೇನು ನೋಡಬಹುದು ಹೇಳಿ. ಸ್ಪ್ಯಾನರ್ ಸೆಟ್, ಪ್ಲಗ್ ಸ್ಪ್ಯಾನರ್, ಮಲ್ಟಿಮೀಟರ್ ಇದೆ. ಎಂಜಿನ್ ಪೂರ್ತಿ ಬಿಚ್ಚುವಷ್ಟು ಧೈರ್ಯ ಇಲ್ಲ.

ಗ್ಯಾರೇಜ್ ಮೂಲೆ

ಬೋರ್ ಕೆಲಸಕ್ಕೆ ಈಗಲೇ ಒಪ್ಪಬೇಡಿ ಸರ್. ನಿಂತ ಗಾಡಿಗೆ ರಿಂಗ್ ತುಕ್ಕು ಹಿಡಿದು ಅಂಟಿಕೊಳ್ಳುವುದು ಉಂಟು, ಇಲ್ಲ ಅಂತಲ್ಲ. ಆದರೆ ಹಾಗಾದರೆ ಕಿಕ್ಕರ್ ಒಂದೋ ಅಲ್ಲಾಡುವುದೇ ಇಲ್ಲ, ಇಲ್ಲವೇ ಸಡಿಲವಾಗಿ ಬುಸಕ್ ಅಂತ ಕೆಳಗಿಳಿಯುತ್ತದೆ. ನಿಮ್ಮ ಕಿಕ್ಕರ್ ಕಾಲಿಗೆ ಗಟ್ಟಿ ಸಿಗುತ್ತದಾ ಇಲ್ಲವಾ, ಅದನ್ನು ನೀವು ಬರೆದಿಲ್ಲ. ಮೊದಲು ಅದು ಹೇಳಿ. ಯಾರ ಹತ್ತಿರವಾದರೂ ಸಿಲಿಂಡರಿನ ಒತ್ತಡ ಅಳೆಯುವ ಕಂಪ್ರೆಶನ್ ಗೇಜ್ ಸಿಕ್ಕಿದರೆ ಪ್ಲಗ್ ಜಾಗಕ್ಕೆ ತಿರುಗಿಸಿ, ಆಕ್ಸಿಲರೇಟರ್ ಪೂರ್ತಿ ಹಿಡಿದು, ಮುಳ್ಳು ಮೇಲೇರುವುದು ನಿಲ್ಲುವ ತನಕ ಕಿಕ್ ಹೊಡೆಯಿರಿ. 100 ಪಿಎಸ್‌ಐ ಮೇಲೆ ಬಂದರೆ ಸ್ಟಾರ್ಟ್ ಆಗುವುದಕ್ಕೆ ಬೋರ್ ಅಡ್ಡಿ ಅಲ್ಲ. ಆಕ್ಸಿಲರೇಟರ್ ಮುಚ್ಚಿ ನೋಡಿದರೆ ಗಾಳಿ ಒಳಗೆ ಹೋಗುವುದಿಲ್ಲ, ಗೇಜ್ ಕಡಿಮೆ ತೋರಿಸುತ್ತದೆ, ಆಮೇಲೆ ಸುಮ್ನೆ ಹೆದರಿಕೊಳ್ಳುತ್ತೀರಿ.

ಎರಡನೆಯದು, ಪ್ಲಗ್ ಒದ್ದೆ ಅಂದಿರಲ್ಲ, ನಿಮ್ಮ ಪೋಸ್ಟ್‌ನಲ್ಲಿ ಎಲ್ಲಕ್ಕಿಂತ ಮುಖ್ಯವಾದ ಮಾತು ಅದೇ. ಸ್ಟಾರ್ಟ್ ಆಗದ ಗಾಡಿಯ ಪ್ಲಗ್ ಒಣಗಿದ್ದರೆ ಪೆಟ್ರೋಲ್ ಬರ್ತಿಲ್ಲ ಅಂತ ಕಾಕ್, ಫಿಲ್ಟರ್, ಕಾರ್ಬೊರೇಟರ್‌ನ ಸ್ಲೋ ಜೆಟ್ (ಪೆಟ್ರೋಲ್ ಹೋಗುವ ಸಣ್ಣ ತೂತು) ಕಡೆ ಹೋಗಬೇಕು. ಒದ್ದೆ ಇದ್ದರೆ ಪೆಟ್ರೋಲ್ ಬಂದಿದೆ, ಆದರೆ ಉರಿಯುತ್ತಿಲ್ಲ ಅಂತ ಅರ್ಥ. ಆಗ ಜೆಟ್ ಊದಿ ಪ್ರಯೋಜನ ಇಲ್ಲ. ಎಲ್ಲರೂ ಮೊದಲು ಕಾರ್ಬೊರೇಟರ್ ಬಿಚ್ಚುತ್ತಾರೆ, ಏಕೆಂದರೆ ಅದು ಕೈಗೆ ಸಿಗುವ ಜಾಗದಲ್ಲಿದೆ!

ಈಗ ಪ್ಲಗ್ ಬಿಚ್ಚಿ ತುದಿಯನ್ನು ಬಿಳಿ ಕಾಗದಕ್ಕೆ ಒತ್ತಿ. ಕಲೆ ಕಣ್ಣೆದುರೇ ಆರಿಹೋದರೆ ಅದು ಪೆಟ್ರೋಲ್. ಜಿಡ್ಡು ಜಿಡ್ಡಾಗಿ ಹಾಗೇ ಉಳಿದರೆ ಎಣ್ಣೆ. ನನಗೆ ಅನುಮಾನ ಎಣ್ಣೆಯ ಮೇಲೆ. ಯಾಕೆ ಅಂದರೆ ಟೂ ಸ್ಟ್ರೋಕ್‌ನಲ್ಲಿ ಪೆಟ್ರೋಲ್ ಗಾಳಿ ಎರಡೂ ಮೊದಲು ಪಿಸ್ಟನ್ ಕೆಳಗಿನ ಕ್ರ್ಯಾಂಕ್ ಚೇಂಬರ್‌ಗೆ ಬಂದು, ಅಲ್ಲಿಂದ ಮೇಲಕ್ಕೆ ಹೋಗುತ್ತದೆ. ಕಾಕ್ ಆಫ್ ಇದ್ದರೂ ಒಳಗಿನ ರಬ್ಬರ್ ಹೋಗಿದ್ದರೆ ತೊಟ್ಟು ತೊಟ್ಟಾಗಿ ಇಳಿಯುತ್ತಲೇ ಇರುತ್ತದೆ. ಕಾರ್ಬೊರೇಟರ್‌ಗೆ ಪೆಟ್ರೋಲ್ ಬರುವುದನ್ನು ತಡೆಯುವ ಫ್ಲೋಟ್ ಪಿನ್ ಸರಿಯಾಗಿ ಕೂರದಿದ್ದರೆ ಕಾರ್ಬೊರೇಟರ್ ತುಂಬಿ, ಓವರ್‌ಫ್ಲೋ ಪೈಪ್‌ನಲ್ಲಿ ಹೊರಗೆ ಹೋಗಬೇಕು. ಅದೂ ಮುಚ್ಚಿಕೊಂಡಿದ್ದರೆ ಎಲ್ಲಿಗೆ ಹೋಗುತ್ತದೆ? ರೀಡ್ ವಾಲ್ವ್ (ಎಂಜಿನ್ ಒಳಗೆ ಹೋಗುವ ದಾರಿಯ ತೆಳು ಮುಚ್ಚಳ) ದಾಟಿ ಸೀದಾ ಚೇಂಬರ್‌ಗೆ. ನೀವು ಎಣ್ಣೆ ಬೆರೆಸಿದ ಪೆಟ್ರೋಲ್ ಹಾಕುವವರು. ನಾಲ್ಕು ತಿಂಗಳಲ್ಲಿ ಪೆಟ್ರೋಲ್ ಆರಿಹೋಗಿ ಎಣ್ಣೆ ಮಾತ್ರ ತಳದಲ್ಲಿ ನಿಂತಿರುತ್ತದೆ. ತಳ್ಳಿದಾಗ ಬೆಳ್ಳಗೆ ಹೊಗೆ ಬಂತು ಅಂದಿರಿ, ಅದಕ್ಕೂ ಇದು ಹೊಂದುತ್ತದೆ.

ಖಾಲಿ ಮಾಡುವುದು ಹೀಗೆ. ಕಾಕ್ ಆಫ್ ಮಾಡಿ, ಪೈಪನ್ನೂ ಕಾಕ್‌ನಿಂದ ಎಳೆದುಬಿಡಿ, ಸೋರುವ ಕಾಕ್ ನಂಬಬೇಡಿ. ಕಾರ್ಬೊರೇಟರ್ ಬೌಲ್ ಖಾಲಿ ಮಾಡಿ. ಕೀ ಆಫ್ ಇರಲಿ, ಪ್ಲಗ್ ಹೊರಗಿರಲಿ, ಚೋಕ್ ಬೇಡ. ಆಕ್ಸಿಲರೇಟರ್ ಪೂರ್ತಿ ಹಿಡಿದು ನಿಧಾನಕ್ಕೆ ಕಿಕ್ ಹೊಡೆಯುತ್ತಾ ಹೋಗಿ, ಪ್ಲಗ್ ತೂತಿನ ಮೇಲೆ ಹಳೇ ಬಟ್ಟೆ ಹಿಡಿದಿರಿ. ಎಣ್ಣೆ ಚಿಮ್ಮುವುದು ನಿಂತ ಮೇಲೆ ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಹೊಡೆಯಿರಿ. ಸುತ್ತ ಬೀಡಿ, ಒಲೆ, ಏನೂ ಬೇಡ. ಕಿಕ್ಕರ್ ಕಲ್ಲಿಗೆ ತಾಗಿದಂತೆ ನಿಂತರೆ ಮೈಭಾರ ಹಾಕಿ ಒತ್ತಬೇಡಿ, ಮತ್ತೆ ತಳ್ಳಲೂ ಬೇಡಿ. ಒಳಗೆ ದ್ರವ ತುಂಬಿದ್ದಾಗ ಬಲ ಹಾಕಿದರೆ ಕನೆಕ್ಟಿಂಗ್ ರಾಡ್‌ಗೆ ಪೆಟ್ಟು.

ನಾಬಿ ಟೈರ್

ಗ್ಯಾರೇಜ್ ಮೂಲೆ ಸರ್ ಹೇಳಿದ್ದು ಸರಿ, ಆದರೆ ಕರೆಂಟ್ ಇದೆ ಅಂತ ಇಷ್ಟು ಬೇಗ ಬಿಟ್ಟುಬಿಡೋದು ಬೇಡ ಗುರು. ಹೊರಗಿನ ಗಾಳಿಯಲ್ಲಿ ಕಿಡಿ ಹಾರುವುದು ಸುಲಭ. ಒಳಗೆ ಒತ್ತಡದಲ್ಲಿ ಅದೇ ಕಿಡಿ ಹಾರಬೇಕು ಅಂದರೆ ಪ್ಲಗ್‌ಗೆ ಕರೆಂಟ್ ಕಳಿಸುವ ಕಾಯಿಲ್‌ಗೆ ಶಕ್ತಿ ಇರಬೇಕು. ಹಳೇ ಪ್ಲಗ್ ಒಂದರ ಬದಿಯ ಕೊಕ್ಕೆ ಕತ್ತರಿಸಿ, ದೂರ ಜಾಸ್ತಿ ಮಾಡಿ, ಹೆಡ್‌ಗೆ ಗಟ್ಟಿಯಾಗಿ ತಾಗಿಸಿ ನೆರಳಿನಲ್ಲಿ ನೋಡಿ. ನೀಲಿ ಬಣ್ಣದಲ್ಲಿ ಟಿಕ್ ಟಿಕ್ ಅಂತ ಸದ್ದು ಬರಬೇಕು. ಸಣ್ಣ ಕೆಂಪು ಎಳೆ ಥರ ಇದ್ದರೆ ಅದು ಲೆಕ್ಕಕ್ಕಿಲ್ಲ. ಮತ್ತೆ ಪ್ಲಗ್ ತಾಗಿಸದೆ ಗಾಳಿಯಲ್ಲಿ ಹಿಡಿದು ಕಿಕ್ ಹೊಡೆಯಬೇಡಿ, ಕರೆಂಟ್‌ಗೆ ಹೋಗಲು ದಾರಿ ಇಲ್ಲದೆ ಸಿಡಿಐ, ಕಾಯಿಲ್ ಕೆಡುತ್ತದೆ.

ನೀವು ಮೀಟರ್, ಹೆಡ್‌ಲೈಟ್ ಎಲ್ಲ ತೆಗೆದಿದ್ದೀರಿ. ಹಾಗಾದರೆ ವೈರಿಂಗ್ ಯಾರೋ ಕತ್ತರಿಸಿ ಟೇಪ್ ಸುತ್ತಿರುತ್ತಾರೆ. ಆರ್‌ಎಕ್ಸ್‌ನಲ್ಲಿ ಕೀ ಆಫ್ ಮಾಡಿದಾಗ ಆಗುವುದು ಏನು ಗೊತ್ತಲ್ವಾ? ಸಿಡಿಐಯಿಂದ ಬರುವ ಕಪ್ಪು ಬಿಳಿ ಪಟ್ಟೆಯ ವೈರ್ ಬಾಡಿಗೆ ಅರ್ಥ್ ಆಗುತ್ತದೆ, ಕರೆಂಟ್ ನಿಲ್ಲುತ್ತದೆ. ಆ ವೈರ್ ಎಲ್ಲಾದರೂ ಉಜ್ಜಿ ಸಿಪ್ಪೆ ಹೋಗಿ ಫ್ರೇಮಿಗೆ ತಾಗಿದರೆ ಕೀ ಆನ್ ಇದ್ದರೂ ಆಫ್ ಇದ್ದಂತೆಯೇ. ಹ್ಯಾಂಡಲ್ ಬುಡದಲ್ಲಿ, ಟ್ಯಾಂಕ್ ಕೆಳಗೆ ಜಾಸ್ತಿ ಉಜ್ಜುತ್ತದೆ. ಹ್ಯಾಂಡಲ್ ಎಡಕ್ಕೂ ಬಲಕ್ಕೂ ತಿರುಗಿಸಿ ಕರೆಂಟ್ ನೋಡಿ. ಒಂದು ಕಡೆ ಬಂದು ಇನ್ನೊಂದು ಕಡೆ ನಿಂತರೆ ಅದೇ ಕಾಯಿಲೆ. ಅನುಮಾನ ಇದ್ದರೆ ಆ ಒಂದು ವೈರನ್ನು ಸಿಡಿಐ ಹತ್ತಿರ ಕಳಚಿ ನೋಡಿ. ಆಗ ಕೀಯಿಂದ ಎಂಜಿನ್ ಆಫ್ ಆಗೋದಿಲ್ಲ, ಗೇರ್ ಹಾಕಿ ಬ್ರೇಕ್ ಹಿಡಿದು ನಿಲ್ಲಿಸಬೇಕು, ನೆನಪಿರಲಿ. ಸಿಡಿಐ ಹೋಯಿತು ಅಂತ ಬದಲಾಯಿಸಿದ ಎಷ್ಟೋ ಗಾಡಿಗಳಲ್ಲಿ ತಪ್ಪು ಈ ವೈರಿನದೇ.

ಪ್ಲಗ್ ಕ್ಯಾಪ್ ತಿರುಗಿಸಿ ಬಿಚ್ಚಿ, ವೈರ್ ತುದಿ ಹಸಿರು ಕಟ್ಟಿದ್ದರೆ ಅರ್ಧ ಇಂಚು ಕತ್ತರಿಸಿ ಮತ್ತೆ ತಿರುಗಿಸಿ. ಹೊಸ ಪ್ಲಗ್ ಎಲ್ಲಿ ತೆಗೆದುಕೊಂಡಿರಿ? ನಕಲಿ ಪ್ಲಗ್‌ಗಳು ಮಾರ್ಕೆಟ್‌ನಲ್ಲಿ ಇವೆ, ನಾನು ಬೆಂಗಳೂರಿನಲ್ಲಿ ಬಿಡಿಭಾಗ ಸಿಗುವ ಜೆಸಿ ರೋಡಿಗೆ ಹೋದಾಗಲೂ ಗುರುತಿನ ಅಂಗಡಿ ಬಿಟ್ಟು ಬೇರೆ ಕಡೆ ತೆಗೆದುಕೊಳ್ಳೋದಿಲ್ಲ. ನಂಬರನ್ನೂ ನೋಡಿ. ಎನ್‌ಜಿಕೆ ಕಂಪನಿಯ ಪ್ಲಗ್‌ನಲ್ಲಿ ಅಂಕಿ ದೊಡ್ಡದಾದಷ್ಟು ಪ್ಲಗ್ ತಣ್ಣಗಿರುತ್ತದೆ. ರೇಸ್ ಹುಡುಗರು ಹಾಕುವ ತಣ್ಣನೆ ಪ್ಲಗ್ ತೋಟದಲ್ಲಿ ನಿಧಾನಕ್ಕೆ ಓಡಿಸುವ ಗಾಡಿಗೆ ಹಾಕಿದರೆ ಎಣ್ಣೆ ಸುಡದೆ ಒದ್ದೆಯಾಗುತ್ತಲೇ ಇರುತ್ತದೆ. ಅಂಕಿ ಆದ ಮೇಲೆ ಎಚ್ ಇರಬೇಕು, ಅದರ ಚೂಡಿ (ತಿರುಪಿನ ಭಾಗ) 12.7 ಮಿಮೀ ಉದ್ದ. ಇ ಇದ್ದರೆ 19 ಮಿಮೀ, ಅದು ಹೋಗಿ ಪಿಸ್ಟನ್‌ಗೆ ಹೊಡೆಯುತ್ತದೆ.

ಊರ ಹೊರಗೆ

ಇದಕ್ಕೆಲ್ಲ ಕಾರಣ ಇ20, ಅಂದರೆ 20% ಎಥೆನಾಲ್ ಬೆರೆಸಿದ ಪೆಟ್ರೋಲ್. ಎಥೆನಾಲ್ ಬಂದ ಮೇಲೆ ಹಳೇ ಗಾಡಿಗಳ ಕಥೆ ಮುಗಿಯಿತು. ನನ್ನ ಸ್ಕೂಟರ್ ಕೂಡ ಹಾಗೇ ಆಯಿತು. ಬೇರೆ ಏನೂ ಹುಡುಕಬೇಡಿ.

ಗ್ಯಾರೇಜ್ ಮೂಲೆ

@ಊರ ಹೊರಗೆ, ಅರ್ಧ ಒಪ್ಪುತ್ತೇನೆ. 2023ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲೇ ಇ20ಗೆ ಚಾಲನೆ ಕೊಟ್ಟಿದ್ದು, ಈಗ ಬಂಕ್‌ಗಳಲ್ಲಿ ಸಿಗುವುದೇ ಅದು. ಆರ್‌ಎಕ್ಸ್ ನಮ್ಮಲ್ಲಿ ತಯಾರಾಗುವುದು ನಿಂತಿದ್ದೇ 2005ರಲ್ಲಿ. ಆ ಕಾಲದ ರಬ್ಬರ್, ವಾಷರ್, ಪೈಪ್ ಯಾವುದನ್ನೂ 20% ಎಥೆನಾಲ್ ಲೆಕ್ಕಕ್ಕೆ ಮಾಡಿದ್ದಲ್ಲ. ಊದಿಕೊಳ್ಳುತ್ತದೆ, ಆಮೇಲೆ ಒಣಗಿದರೆ ಬಿರುಕು ಬಿಡುತ್ತದೆ. ಎಥೆನಾಲ್ ನೀರನ್ನೂ ಎಳೆದುಕೊಳ್ಳುತ್ತದೆ. ಮಲೆನಾಡಿನ ಮಳೆಗಾಲದಲ್ಲಿ ಅರ್ಧ ಖಾಲಿ ಟ್ಯಾಂಕ್ ಇಟ್ಟರೆ ಒಳಗೆಲ್ಲ ತೇವದ ಗಾಳಿ. ನೀರು ಜಾಸ್ತಿ ಆದರೆ ಎಥೆನಾಲ್ ಮತ್ತು ನೀರು ಒಟ್ಟಾಗಿ ಪೆಟ್ರೋಲ್‌ನಿಂದ ಬೇರೆಯಾಗಿ ತಳಕ್ಕೆ ಇಳಿಯುತ್ತವೆ. ರಿಸರ್ವ್ ಎಳೆಯುವುದು ತಳದಿಂದಲೇ.

ಆದರೆ ಅದನ್ನು ನೋಡಿ ತಿಳಿಯಬಹುದು, ಊಹೆ ಬೇಕಿಲ್ಲ. ರಿಸರ್ವ್‌ಗೆ ತಿರುಗಿಸಿ ಗಾಜಿನ ಬಾಟಲಿಗೆ ಸ್ವಲ್ಪ ಹಿಡಿಯಿರಿ, ಹಾಗೇ ಇಡಿ. ತಳದಲ್ಲಿ ಬೇರೆ ಪದರ ಕಂಡರೆ ಟ್ಯಾಂಕ್ ತೊಳೆಯಿರಿ. ಕಾಣದಿದ್ದರೆ ಆ ವಿಷಯ ಅಲ್ಲಿಗೆ ಬಿಡಿ. ಇವರು ಪೆಟ್ರೋಲ್ ಬದಲಾಯಿಸಿ ಆಗಿದೆ, ಆಮೇಲೂ ಸ್ಟಾರ್ಟ್ ಆಗಿಲ್ಲ. ಎಲ್ಲವನ್ನೂ ಎಥೆನಾಲ್ ತಲೆಗೆ ಕಟ್ಟಿದರೆ ಗಾಡಿ ಶೆಡ್‌ನಲ್ಲೇ ಇರುತ್ತದೆ.

ಕಾಫಿತೋಟದ ಧೂಳು

ಎಲ್ಲರಿಗೂ ಥ್ಯಾಂಕ್ಸ್. ಹೇಳಿದ್ದನ್ನೆಲ್ಲ ಮಾಡಿ ನೋಡಿದೆ, ಬರೆಯುತ್ತೇನೆ.

ಕಿಕ್ಕರ್ ಗಟ್ಟಿಯಾಗಿಯೇ ಇದೆ. ಸ್ನೇಹಿತರೊಬ್ಬರ ಹತ್ತಿರ ಗೇಜ್ ಇತ್ತು, 110ಕ್ಕೆ ಬಂದು ನಿಂತಿತು. ಹಾಗಾದರೆ ಬೋರ್ ಬಚಾವ್ ಅಂದುಕೊಂಡಿದ್ದೇನೆ, ಸರಿನಾ?

ಕರೆಂಟ್ ನೀಲಿಯೇ. ಹ್ಯಾಂಡಲ್ ಆ ಕಡೆ ಈ ಕಡೆ ತಿರುಗಿಸಿದರೂ ನಿಲ್ಲಲಿಲ್ಲ. ಕಪ್ಪು ಬಿಳಿ ವೈರಿನ ಟೇಪ್ ಮಾತ್ರ ಜಿಡ್ಡಾಗಿ ಸುಲಿದಿತ್ತು, ಹೊಸದಾಗಿ ಸುತ್ತಿದೆ. ಪ್ಲಗ್ ಅಸಲಿಯೇ, ಎಚ್ ಇದೆ.

ಕಾಕ್ ಆಫ್ ಮಾಡಿ ಪೈಪನ್ನು ಬಾಟಲಿಗೆ ಇಳಿಸಿ ರಾತ್ರಿ ಬಿಟ್ಟೆ. ಬೆಳಿಗ್ಗೆ ನೋಡಿದರೆ ತಳದಲ್ಲಿ ಎರಡು ಬೆರಳು ಪೆಟ್ರೋಲ್! ಓವರ್‌ಫ್ಲೋ ಪೈಪ್ ಎಂಜಿನ್ ಕೆಳಗಿಂದ ಎಳೆದು ನೋಡಿದೆ, ತುದಿಯಲ್ಲಿ ಕೆಂಪು ಮಣ್ಣು ಸಿಮೆಂಟ್ ಹಾಕಿದ ಹಾಗೆ ಕೂತಿದೆ. ತಂತಿ ಹಾಕಿ ಚುಚ್ಚಬೇಕಾಯಿತು. ಕಾಗದದ ಮೇಲೆ ಕಲೆ ಆರಲಿಲ್ಲ, ಎಣ್ಣೆಯೇ. ಪ್ಲಗ್ ಬಿಚ್ಚಿ ಕಿಕ್ ಹೊಡೆದರೆ ಬಟ್ಟೆಯೆಲ್ಲ ಹಸಿರು ಎಣ್ಣೆ, ಗೋಡೆಗೂ ಸಿಡಿಯಿತು. ಗ್ಯಾರೇಜ್ ಮೂಲೆ ಸರ್, ನೀವು ಇಲ್ಲಿ ಬಂದು ನೋಡಿದವರ ಹಾಗೆ ಬರೆದಿದ್ದೀರಿ.

ಆದರೆ ಕಥೆ ಮುಗಿಯಲಿಲ್ಲ. ಎಲ್ಲ ಖಾಲಿ ಮಾಡಿ, ಪ್ಲಗ್ ಒರೆಸಿ ಬಿಸಿ ಮಾಡಿ ಹಾಕಿ, ಚೋಕ್ ಎಳೆದು ಕಿಕ್ ಹೊಡೆದೆ, ಸ್ಟಾರ್ಟ್ ಆಯಿತು. ಸ್ವಲ್ಪ ಹೊತ್ತು ಗುಂಯ್ ಅಂತ ಕಟ್ಟಿದ ದನಿಯಲ್ಲಿ ಓಡಿ, ಆಕ್ಸಿಲರೇಟರ್ ಕೊಡುತ್ತಿದ್ದ ಹಾಗೆ ಉಸಿರು ಕಟ್ಟಿ ನಿಂತಿತು. ಮತ್ತೆ ಕಿಕ್ ಹೊಡೆದರೆ ಇಲ್ಲ. ಸ್ವಲ್ಪ ಹೊತ್ತು ಬಿಟ್ಟರೆ ಮತ್ತೆ ಅದೇ ರೀತಿ. ಪ್ಲಗ್ ಮತ್ತೆ ಕಪ್ಪಗೆ ಒದ್ದೆ. ಈಗ ಕಾರ್ಬೊರೇಟರ್ ಬಿಚ್ಚಬೇಕಾ?

ಬಿಸ್ಲೆ ಘಾಟಿ

ನಮ್ಮದು ಸಕಲೇಶಪುರ ಕಡೆ, ಹೀರೋ ಎಕ್ಸ್‌ಪಲ್ಸ್ ಬೈಕ್ ಓಡಿಸುತ್ತೇನೆ, ಆದರೆ ಮನೆಯಲ್ಲಿ ಅಪ್ಪನ ಆರ್‌ಎಕ್ಸ್ 100 ಇನ್ನೂ ಇದೆ. ಕಾರ್ಬೊರೇಟರ್ ಮುಟ್ಟುವ ಮೊದಲು ಒಂದು ಕೆಲಸ ಮಾಡಿ. ಒಬ್ಬರು ಕಿಕ್ ಹೊಡೆಯಲಿ, ನೀವು ಸೈಲೆನ್ಸರ್ ಬಾಯಿಗೆ ಅಂಗೈ ಹಿಡಿಯಿರಿ. ಪ್ರತೀ ಕಿಕ್‌ಗೂ ಗಾಳಿ ಫುಸ್ ಅಂತ ಕೈಗೆ ಹೊಡೆಯಬೇಕು. ಬರದಿದ್ದರೆ ಅಥವಾ ನಿಧಾನಕ್ಕೆ ಸುರಿದ ಹಾಗೆ ಬಂದರೆ ಸೈಲೆನ್ಸರ್ ಕಟ್ಟಿದೆ.

ಓವರ್‌ಫ್ಲೋ ಪೈಪ್ ತುದಿಯಲ್ಲಿ ಸಿಮೆಂಟ್ ಹಾಕಿದ ಹಾಗೆ ಮಣ್ಣು ಅಂದಿರಲ್ಲ, ಅದು ಕೆಸರು ಸಿಡಿದದ್ದು ಅಲ್ಲ ಅಂತ ನನಗೆ ಅನಿಸುತ್ತದೆ. ಕಡಜ ಕಟ್ಟಿದ್ದು. ಶೆಡ್‌ನಲ್ಲಿ ಗಾಡಿ ನಿಂತರೆ ಸಾಕು, ಅವಕ್ಕೆ ಪೆನ್ಸಿಲ್ ಗಾತ್ರದ ತೂತು ಸಿಕ್ಕಿದರೆ ಬಿಡುವುದಿಲ್ಲ. ಪೈಪ್ ಕಟ್ಟಿದ ಹುಳ ಸೈಲೆನ್ಸರ್ ಬಿಟ್ಟಿರುತ್ತದಾ? ನೀವು ಅದನ್ನು ಮೇಲೆ ಬೇರೆ ಎತ್ತಿಸಿದ್ದೀರಿ, ಮಳೆ ನೀರು ತಾಗದ ಬೆಚ್ಚನೆ ಜಾಗ.

ಟೂ ಸ್ಟ್ರೋಕ್‌ನಲ್ಲಿ ಹೊಗೆ ಹೊರಗೆ ಹೋಗುವ ದಾರಿ ಕಟ್ಟಿದರೆ ಹೊಸ ಪೆಟ್ರೋಲ್ ಗಾಳಿ ಒಳಗೆ ಬರಲು ಜಾಗವೇ ಇರುವುದಿಲ್ಲ. ಸುಟ್ಟ ಗಾಳಿ ಸಿಲಿಂಡರ್‌ನಲ್ಲೇ ಉಳಿದು ಉರಿ ಆರುತ್ತದೆ. ಬಿಟ್ಟರೆ ಸ್ವಲ್ಪ ಸ್ವಲ್ಪ ಸೋರಿ ಖಾಲಿಯಾಗಿ, ಮತ್ತೆ ಒಂದು ಸಲ ಸ್ಟಾರ್ಟ್ ಆಗುತ್ತದೆ. ನೀವು ಬರೆದದ್ದೇ ಅದು. ಸುಮ್ನೆ ಪರೀಕ್ಷೆಗೆ, ಸೈಲೆನ್ಸರ್ ಅನ್ನು ಸಿಲಿಂಡರ್ ಹತ್ತಿರ ಸಡಿಲ ಮಾಡಿ ಕಿಕ್ ಹೊಡೆದು ನೋಡಬಹುದು. ಊರೆಲ್ಲ ಕೇಳುವ ಹಾಗೆ ಕಿರುಚುತ್ತದೆ, ಮುಖ ದೂರ ಇಟ್ಟುಕೊಳ್ಳಿ, ಬೆಂಕಿ ಬರುತ್ತದೆ. ಕೂಡಲೇ ಆಫ್ ಮಾಡಿ.

ಸೈಲೆನ್ಸರಿನ ಹಿಂಭಾಗದ ಬಾಯಿಯ ಹತ್ತಿರ ಒಂದು ಬೋಲ್ಟ್ ಇದೆ. ಅದನ್ನು ಬಿಚ್ಚಿ ಇಕ್ಕಳದಲ್ಲಿ ಹಿಡಿದು ತಿರುಗಿಸುತ್ತಾ ಎಳೆದರೆ ಸದ್ದು ತಗ್ಗಿಸುವ ಒಳಗಿನ ಬ್ಯಾಫಲ್ ಪೈಪ್ ಹೊರಗೆ ಬರುತ್ತದೆ. ಇಂಗಾಲ ಕಟ್ಟಿದ್ದರೆ ಬೇಗ ಬರುವುದಿಲ್ಲ, ಡೀಸೆಲ್ ಬಿಟ್ಟು ರಾತ್ರಿ ಇಡಿ. ಕೆಲವರು ಕಾಸ್ಟಿಕ್ ಸೋಡಾ ಹಾಕುತ್ತಾರೆ. ಕಬ್ಬಿಣಕ್ಕೆ ಸರಿ, ಅಲ್ಯೂಮಿನಿಯಂ ಮಾತ್ರ ತಿಂದುಹಾಕುತ್ತದೆ, ಕೈ ಕಣ್ಣು ಸುಡುತ್ತದೆ. ನಾನಂತೂ ಡೀಸೆಲ್ ಮತ್ತು ತಂತಿ ಬ್ರಷ್‌ನಲ್ಲೇ ಮುಗಿಸುತ್ತೇನೆ.

ನಾಬಿ ಟೈರ್

ಒಳ್ಳೇ ಪಾಯಿಂಟ್ ಅಕ್ಕ, ನನಗೆ ಹೊಳೆಯಲೇ ಇಲ್ಲ. ಬೆಂಗಳೂರಲ್ಲಿ ಕಡಜಕ್ಕಿಂತ ಇಲಿ ಕಾಟ ಜಾಸ್ತಿ. ಏರ್ ಫಿಲ್ಟರ್ ಬಾಕ್ಸ್ ಒಳಗೆ ಹತ್ತಿ, ಜೋಳದ ಸಿಪ್ಪೆ ಎಲ್ಲ ತಂದು ತುಂಬಿರುತ್ತವೆ.

ಒಂದು ಸಣ್ಣ ವಿಷಯ, ಧೂಳು ಅವರೇ. ಚೋಕ್ ಎಳೆದಾಗ ಆಕ್ಸಿಲರೇಟರ್ ತಿರುಗಿಸಬೇಡಿ. ಈ ಕಾರ್ಬೊರೇಟರ್‌ನ ಚೋಕ್ ಗಾಳಿ ಮುಚ್ಚುವ ತಗಡು ಅಲ್ಲ, ಪ್ರತ್ಯೇಕವಾಗಿ ಪೆಟ್ರೋಲ್ ಎಳೆಯುವ ದಾರಿ. ಆಕ್ಸಿಲರೇಟರ್ ಮುಚ್ಚಿದ್ದಾಗ ಹುಟ್ಟುವ ಎಳೆತದಲ್ಲೇ ಅದು ಕೆಲಸ ಮಾಡುವುದು. ತಿರುಗಿಸಿದಿರೋ ಚೋಕ್ ಇದ್ದೂ ಇಲ್ಲದ ಹಾಗೆ. ಒಳಗೆ ಪೆಟ್ರೋಲ್ ಓವರ್ ಆದಾಗ ಇದರ ಉಲ್ಟಾ, ಚೋಕ್ ಒಳಗೆ, ಆಕ್ಸಿಲರೇಟರ್ ಪೂರ್ತಿ.

ಹಾಸನದ ಹುಡುಗ

ನಡುವೆ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ. ನನ್ನದು ಇಂಜೆಕ್ಷನ್ ಬೈಕ್, ಹೊಸದು. ಟ್ರೇಲ್‌ನಲ್ಲಿ ಬಿದ್ದು ಎತ್ತಿದ ಮೇಲೆ ಸೆಲ್ಫ್ ತಿರುಗುತ್ತದೆ, ಸ್ಟಾರ್ಟ್ ಆಗಲ್ಲ. ಓವರ್ ಆಗಿರುತ್ತದೆ ಅಂತ ಆಕ್ಸಿಲರೇಟರ್ ಹಿಡಿದು ಬ್ಯಾಟರಿ ಇಳಿಯುವ ತನಕ ಸೆಲ್ಫ್ ಹೊಡೆದೆವು. ಇದಕ್ಕೂ ಪ್ಲಗ್ ಬಿಚ್ಚಬೇಕಾ? ಮತ್ತೆ ನಮ್ಮ ಗುಂಪಿನಲ್ಲಿ ಒಬ್ಬರ ಹತ್ತಿರ ಹೊರಗಿಂದ ತರಿಸಿದ 250 ಫೋರ್ ಸ್ಟ್ರೋಕ್ ಮೋಟೋಕ್ರಾಸ್ ಬೈಕ್ ಇದೆ. ಅದು ದಿನೇ ದಿನೇ ಸ್ಟಾರ್ಟ್ ಆಗೋದು ಕಷ್ಟ ಆಗುತ್ತಿದೆ, ತಳ್ಳಿದರೆ ಮಾತ್ರ ಆಗುತ್ತದೆ.

ಬಿಸ್ಲೆ ಘಾಟಿ

ಕೀ ಆಫ್ ಮಾಡಿ ಆನ್ ಮಾಡಿ, ಅಷ್ಟೇ. ಇಂಜೆಕ್ಷನ್ ಬೈಕುಗಳಲ್ಲಿ ಗಾಡಿ ಮಲಗಿದರೆ ಎಂಜಿನ್ ನಿಲ್ಲಿಸುವ ಸೆನ್ಸರ್ ಇರುತ್ತದೆ. ಎತ್ತಿ ನಿಲ್ಲಿಸಿದ ಮಾತ್ರಕ್ಕೆ ಬಹಳ ಗಾಡಿಗಳಲ್ಲಿ ಅದು ಬಿಡುವುದಿಲ್ಲ. ನೇರ ನಿಲ್ಲಿಸಿ, ಕೀ ಆಫ್, ಸ್ವಲ್ಪ ತಡೆದು ಆನ್, ಟ್ಯಾಂಕ್ ಒಳಗೆ ಪೆಟ್ರೋಲ್ ಪಂಪ್ ಜುಂಯ್ ಅನ್ನುವುದು ಕೇಳಿದ ಮೇಲೆ ಸೆಲ್ಫ್ ಒತ್ತಿ. ಆ ಸದ್ದು ಕೇಳದಿದ್ದರೆ ಕಿಲ್ ಸ್ವಿಚ್, ಫ್ಯೂಸ್ ನೋಡಿ. ಬಿದ್ದಾಗ ಕಿಲ್ ಸ್ವಿಚ್ ತಾನಾಗಿ ಆಫ್ ಆಗಿರುವುದೂ ಉಂಟು.

ಗ್ಯಾರೇಜ್ ಮೂಲೆ

ಆ 250ಗೆ ವಾಲ್ವ್ ಕ್ಲಿಯರೆನ್ಸ್ (ವಾಲ್ವ್ ಮೇಲೆ ಬಿಡುವ ಸಣ್ಣ ಸಂದು) ನೋಡಿಸಿ. ಅಂಥ ಬೈಕುಗಳಲ್ಲಿ ಟೈಟಾನಿಯಂ ವಾಲ್ವ್ ಇರುತ್ತದೆ. ಧೂಳು ನುಗ್ಗಿ ಸವೆದು ವಾಲ್ವ್ ಮೇಲಕ್ಕೆ ಕೂರುತ್ತಾ ಹೋಗುತ್ತದೆ, ಕ್ಲಿಯರೆನ್ಸ್ ಕಡಿಮೆಯಾಗುತ್ತದೆ, ಕೊನೆಗೆ ಪೂರ್ತಿ ಮುಚ್ಚುವುದೇ ಇಲ್ಲ. ಕಿಕ್‌ನ ನಿಧಾನ ವೇಗದಲ್ಲಿ ಕಂಪ್ರೆಶನ್ ಸೋರುತ್ತದೆ, ತಳ್ಳಿದರೆ ವೇಗಕ್ಕೆ ಹೇಗೋ ಹಿಡಿದುಕೊಳ್ಳುತ್ತದೆ. ಆ ಸಂದು ಹೊಂದಿಸುವ ಶಿಮ್ ಬಿಲ್ಲೆ ಬದಲಾಯಿಸಿದರೆ ಸರಿಹೋಗುತ್ತದೆ. ಆದರೆ ಶಿಮ್ ಹಾಕಿದ ಸ್ವಲ್ಪ ದಿನಕ್ಕೇ ಮತ್ತೆ ಬಿಗಿಯಾದರೆ ವಾಲ್ವ್ ಆಯಸ್ಸು ಮುಗಿದಿದೆ, ತಡ ಮಾಡಿದರೆ ಅದರ ತಲೆ ಮುರಿದು ಪಿಸ್ಟನ್ ಮೇಲೆ ಬೀಳುತ್ತದೆ. ಇನ್ನು ಹೆಚ್ಚು ಬೇಕಿದ್ದರೆ ಬೇರೆ ಥ್ರೆಡ್ ಹಾಕಿ, ಇಲ್ಲಿ ಆರ್‌ಎಕ್ಸ್ ಇನ್ನೂ ಸ್ಟಾರ್ಟ್ ಆಗಬೇಕು.

ಕಾಫಿತೋಟದ ಧೂಳು

ಆಯಿತು!! ಬಿಸ್ಲೆ ಮೇಡಂ, ನಿಮಗೆ ಈ ವರ್ಷದ ಕಾಫಿ ಪುಡಿ ನನ್ನ ಕಡೆಯಿಂದ.

ಅಂಗೈ ಹಿಡಿದು ನೋಡಿದೆ, ಗಾಳಿ ಬರುತ್ತಿತ್ತು, ಆದರೆ ಉಗುರಿನಷ್ಟು ಅಗಲದ ಜಾಗದಿಂದ ಮಾತ್ರ. ಟಾರ್ಚ್ ಹಾಕಿ ಒಳಗೆ ನೋಡಿದರೆ ಏನೂ ಕಾಣಲಿಲ್ಲ, ಎಲ್ಲ ಕಪ್ಪು. ಬ್ಯಾಫಲ್ ಬೋಲ್ಟ್ ಬಿಚ್ಚಿ ಡೀಸೆಲ್ ಬಿಟ್ಟು ಮಾರನೇ ದಿನ ಎಳೆದೆ. ಬ್ಯಾಫಲ್ ಪೈಪ್ ಒಳಗೆ, ಒಂದು ಗೇಣು ಆಳದಲ್ಲಿ, ಮಣ್ಣಿನ ಕೊಳವೆಗಳು ಸಾಲಾಗಿ ಒಂದಕ್ಕೊಂದು ಅಂಟಿಕೊಂಡಿದ್ದವು. ಮೇಲೆಲ್ಲ 2ಟಿ ಎಣ್ಣೆ ಕುಡಿದು ಕಪ್ಪಗೆ, ಮುರಿದರೆ ಒಳಗೆ ಕೆಂಪು ಮಣ್ಣು. ಸ್ಕ್ರೂ ಡ್ರೈವರ್‌ನಲ್ಲಿ ಕುಟ್ಟಿದಾಗ ಒಂದೊಂದು ಕೊಳವೆಯಿಂದಲೂ ಒಣಗಿದ ಜೇಡಗಳು ಉದುರಿದವು, ಕಾಲು ಮಡಚಿಕೊಂಡು ಒತ್ತೊತ್ತಾಗಿ ತುಂಬಿಟ್ಟಿದ್ದು. ಮರಿಗಳಿಗೆ ಊಟ ಅಂತೆ, ಅಮ್ಮ ಹೇಳಿದರು. ಒಂದು ಬದಿ ಮಾತ್ರ ಸ್ವಲ್ಪ ಒಡೆದಿತ್ತು, ಅಲ್ಲಿಂದಲೇ ಇಷ್ಟು ದಿನ ಗಾಡಿ ಉಸಿರಾಡಿದ್ದು ಅಂತ ಕಾಣುತ್ತದೆ.

ಪೈಪ್ ತೊಳೆದು, ಪ್ಲಗ್ ಒಣಗಿಸಿ, ಚೋಕ್ ಎಳೆದು, ಆಕ್ಸಿಲರೇಟರ್ ಮುಟ್ಟದೆ ಕಿಕ್ ಹೊಡೆದರೆ ಹಿಡಿದುಕೊಂಡಿತು. ಶೆಡ್ ತುಂಬ ಹೊಗೆ. ಪೈಪ್‌ನಿಂದ ಮಣ್ಣಿನ ಚೂರು ಪಟಪಟ ಹಾರಿದವು. ಈಗ ತೋಟದಲ್ಲಿ ಮೇಲೆ ಕೆಳಗೆ ಓಡಿಸಿ ಬಂದೆ, ಎಳೆತ ಮೊದಲಿನ ಹಾಗೇ ಇದೆ.

ಎರಡು ಪ್ರಶ್ನೆ ಉಳಿದಿವೆ. ಒಂದು, ಬಿಳಿ ಹೊಗೆ ಇನ್ನೂ ನಿಂತಿಲ್ಲ. ಇನ್ನೊಂದು, ಆಕ್ಸಿಲರೇಟರ್ ಬಿಟ್ಟ ಮೇಲೆ ಎಂಜಿನ್ ವೇಗ ಕೂಡಲೇ ಕೆಳಗಿಳಿಯದೆ ಸ್ವಲ್ಪ ಹೊತ್ತು ಮೇಲೇ ನಿಲ್ಲುತ್ತದೆ. ಮೊದಲು ಹೀಗಿರಲಿಲ್ಲ. ಕಾಕ್ ರಬ್ಬರ್, ಫ್ಲೋಟ್ ಪಿನ್ ಆರ್ಡರ್ ಮಾಡಿದ್ದೇನೆ.

ಗ್ಯಾರೇಜ್ ಮೂಲೆ

ಬಹಳ ಸಂತೋಷ. ಆ ಜೇಡದ ವಿಷಯ ನಾನು ಯಾವ ಗ್ಯಾರೇಜಿನಲ್ಲೂ ನೋಡಿಲ್ಲ, ಫೋಟೋ ಇದ್ದರೆ ಹಾಕಿ.

ಬಿಳಿ ಹೊಗೆಗೆ ಈಗಲೇ ತಲೆ ಕೆಡಿಸಿಕೊಳ್ಳಬೇಡಿ. ಚೇಂಬರ್ ತಳದಲ್ಲಿ, ಸೈಲೆನ್ಸರ್ ಹೊಟ್ಟೆಯಲ್ಲಿ ಉಳಿದ ಎಣ್ಣೆ ಸುಟ್ಟು ಮುಗಿಯಬೇಕು. ಒಂದು ಟ್ಯಾಂಕ್ ಓಡಿಸಿ. ಆಮೇಲೂ ಇದ್ದರೆ ಗೇರ್ ಎಣ್ಣೆ ಇಳಿಸಿ ಅಳೆಯಿರಿ. ಹಾಕಿದ್ದಕ್ಕಿಂತ ಕಡಿಮೆ ಬಂದರೆ ಬಲಗಡೆ, ಕ್ಲಚ್ ಸೈಡಿನ ಆಯಿಲ್ ಸೀಲ್ ಹೋಗಿದೆ, ಗೇರ್ ಎಣ್ಣೆಯನ್ನೇ ಎಂಜಿನ್ ಕುಡಿಯುತ್ತಿದೆ. ಉಲ್ಟಾ, ಜಾಸ್ತಿ ಬಂದು ಪೆಟ್ರೋಲ್ ವಾಸನೆ ಹೊಡೆದರೂ ಅದೇ ಸೀಲ್, ನಿಂತಾಗ ಆ ಕಡೆಯಿಂದ ಈ ಕಡೆ ಸೋರಿದೆ. ಹೇಗಿದ್ದರೂ ನಾಲ್ಕು ತಿಂಗಳು ನಿಂತ ಗಾಡಿ, ಗೇರ್ ಎಣ್ಣೆ ಹೊಸದು ಹಾಕಿಬಿಡಿ. ಎಷ್ಟು ಹಾಕಿದಿರಿ ಅಂತ ಶೆಡ್ ಗೋಡೆ ಮೇಲೆ ಬರೆದಿಡಿ.

ಎರಡನೆಯದನ್ನು ಮಾತ್ರ ಬಿಡಬೇಡಿ. ಆಕ್ಸಿಲರೇಟರ್ ಬಿಟ್ಟರೂ ಎಂಜಿನ್ ವೇಗ ಮೇಲೇ ನಿಂತರೆ ಎಲ್ಲಿಂದಲೋ ಕಳ್ಳ ಗಾಳಿ ಎಳೆಯುತ್ತಿದೆ. ಪೆಟ್ರೋಲ್ ಕಡಿಮೆ ಗಾಳಿ ಜಾಸ್ತಿ ಅಂದರೆ ಎಣ್ಣೆಯೂ ಕಡಿಮೆ, ಜೋರಾಗಿ ಓಡಿಸಿದರೆ ಪಿಸ್ಟನ್ ಹಿಡಿದುಕೊಳ್ಳುತ್ತದೆ. ಆಗ ಬೋರ್ ಕೆಲಸ ನಿಜವಾಗಿಯೂ ಬರುತ್ತದೆ. ಮೊದಲು ಕೇಬಲ್ ಆಟ ನೋಡಿ, ಆಮೇಲೆ ಕಾರ್ಬೊರೇಟರ್ ಮತ್ತು ಸಿಲಿಂಡರ್ ನಡುವಿನ ರಬ್ಬರ್ ಬಗ್ಗಿಸಿ ಬಿರುಕು ಇದೆಯಾ ನೋಡಿ. ಎಂಜಿನ್ ಸ್ಲೋದಲ್ಲಿ ಓಡುವಾಗ ಆ ರಬ್ಬರ್ ಸುತ್ತ ಸೋಪಿನ ನೀರು ಹಚ್ಚಿ. ದನಿ ಬದಲಾದರೆ ಅಲ್ಲೇ ತೂತು. ಅಲ್ಲಿ ಏನೂ ಇಲ್ಲ ಅಂದರೆ ಎಡಗಡೆ ಮ್ಯಾಗ್ನೆಟ್ ಸೈಡಿನ ಸೀಲ್. ಅದನ್ನು ಬದಲಾಯಿಸಲು ಎಂಜಿನ್ ಬಿಚ್ಚಬೇಕಿಲ್ಲ. ಮ್ಯಾಗ್ನೆಟ್ ಎಳೆಯುವ ಪುಲ್ಲರ್ ಇದ್ದರೆ ಸಾಕು, ಸುತ್ತಿಗೆ ಮಾತ್ರ ಬೇಡ. ಅದು ಆಗುವ ತನಕ ಗಾಡಿಯನ್ನು ನಿಧಾನಕ್ಕೇ ಓಡಿಸಿ.

ಕಾಫಿತೋಟದ ಧೂಳು

ರಬ್ಬರ್ ಬಗ್ಗಿಸಿ ನೋಡಿದೆ ಸರ್, ಕೆಳಭಾಗದಲ್ಲಿ ಕೂದಲಿನಷ್ಟು ಬಿರುಕು ಕಾಣುತ್ತಿದೆ, ಸೋಪಿನ ನೀರು ಹಚ್ಚಿದರೆ ದನಿಯೂ ಇಳಿಯುತ್ತದೆ. 135ರದ್ದೇ ಬೇಕಾ, 100ರ ರಬ್ಬರ್ ಕೂರುತ್ತದಾ? ನಮ್ಮ ಪೇಟೆಯಲ್ಲಿ 100ರದ್ದು ಮಾತ್ರ ಇದೆಯಂತೆ.

ನಾಬಿ ಟೈರ್

ಹಳೆಯದನ್ನು ಬಿಚ್ಚಿ ಅಂಗಡಿಗೆ ತೆಗೆದುಕೊಂಡು ಹೋಗಿ, ಬೋಲ್ಟ್ ತೂತು ಮತ್ತು ಒಳಗಿನ ಬಾಯಿ ಎರಡೂ ಹೊಂದಿಸಿ ನೋಡಿ ತೆಗೆದುಕೊಳ್ಳಿ, ಹೆಸರು ನೋಡಿ ಅಲ್ಲ. ನಿಮ್ಮ ಗಾಡಿಗೆ ಯಾವ ಕಾರ್ಬೊರೇಟರ್ ಹಾಕಿದ್ದಾರೋ ಅದರ ಮೇಲೆ ಹೋಗುತ್ತದೆ. ಸಿಗದಿದ್ದರೆ ಅಳತೆ ಕಳಿಸಿ, ಶನಿವಾರ ಜೆಸಿ ರೋಡ್ ಕಡೆ ಹೋಗುವುದಿದೆ, ತಂದು ಬಸ್ಸಿಗೆ ಹಾಕುತ್ತೇನೆ.